ಇಪ್ಪತ್ತು ನಿಮಿಷದ ಹೆಚ್ಚುವರಿ

ಅಪ್ಪಾ,

ಇವತ್ತು, ನಿವೃತ್ತಿಯ ಮೇಲೆ ನೀವು ಹೋಗಿ ನೆಲೆಸಿದ್ದ ದ್ವೀಪಕ್ಕೆ ಹೊರಟ ವಿಮಾನಕ್ಕೆ ಇಂಧನ ಎಷ್ಟೆಂದು ಬರೆದುಕೊಟ್ಟವಳು ನಾನೇ. ಎರಡು ಸಾವಿರ ಕಿಲೋಮೀಟರು, ಮೂರು ಗಂಟೆ ಹಾರಾಟ, ನಡುವೆ ಇಳಿಯಲು ಅಂಗೈಯಗಲ ನೆಲವಿಲ್ಲ. ಈ ಕುರ್ಚಿಯಲ್ಲಿದ್ದಷ್ಟು ದಿನ ನೀವು ಸೇರಿಸುತ್ತಿದ್ದ, ನಾನು ಗೇಲಿ ಮಾಡುತ್ತಿದ್ದ ಇಪ್ಪತ್ತು ನಿಮಿಷದ ಹೆಚ್ಚುವರಿಯನ್ನು ಯಾಕೋ ಸೇರಿಸಿದೆ.

“ನಿಮ್ಮಪ್ಪನ ಹಾಗೇ ನೀನೂ ಪುಕ್ಕಲು ಕಣಮ್ಮ,” ಎಂದು ಪೈಲಟ್ ನಕ್ಕರು.

ಅರ್ಧ ದಾರಿ ದಾಟಿದ ಮೇಲೆ ಎದುರುಗಾಳಿ ಜೋರಾಯಿತು, ಹಿಂದಿರುಗುವಂತಿರಲಿಲ್ಲ. ರೇಡಿಯೋ ಮುಂದೆ ಕುಳಿತು ನಿಮಿಷ ಎಣಿಸಿದೆ. ವಿಮಾನ ಹದಿನೆಂಟು ನಿಮಿಷ ತಡವಾಗಿ ಇಳಿಯಿತು.

“ನಿಮ್ಮಪ್ಪ ಇದ್ದಿದ್ರೆ ಕೈ ಮುಗೀತಿದ್ದೆ ಕಣಮ್ಮ,” ಎಂದರು ಅದೇ ಪೈಲಟ್, ಅಲ್ಲಿಂದ ರೇಡಿಯೋದಲ್ಲಿ.

ಆ ವಿಮಾನದಲ್ಲಿ ನಮ್ಮಂಥ ನೌಕರರಿಗೆಂದು ಒಂದು ಸೀಟು ಮೀಸಲು. ಇವತ್ತೂ ಖಾಲಿ ಹೋಯಿತು. ನೀವು ಅಲ್ಲಿನ ಆಸ್ಪತ್ರೆಯಲ್ಲಿದ್ದ ಕೊನೆಯ ಹನ್ನೊಂದು ದಿನವೂ ಖಾಲಿಯೇ ಹೋಗಿತ್ತು.