ಗೇರ್‌ಬಾಕ್ಸಿನ ತಪ್ಪನ್ನು ನನ್ನ ಹೆಂಡತಿಯ ತಲೆಗೆ ಕಟ್ಟಿದವರಿಗೆ

ಬಳಸಿದ ವಾಹನಗಳ ದೂರು ವಿಭಾಗದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನೀವು ನಮ್ಮ ದೂರಿನ ಕಡತ ಮುಚ್ಚಿದ್ದೀರಿ. ಮುಚ್ಚಿ, ಸಂತೋಷ. ಆದರೆ ಮುಚ್ಚುವ ಮುನ್ನ ಅದರಲ್ಲಿ ಒಂದು ವಾಕ್ಯ ಬರೆದಿದ್ದೀರಿ: ‘ವಾಹನದಲ್ಲಿ ದೋಷ ಕಂಡುಬಂದಿಲ್ಲ, ಚಾಲಕಿಯೇ ತಮ್ಮ ತಪ್ಪನ್ನು ಒಪ್ಪಿಕೊಂಡಿದ್ದಾರೆ.’ ಆ ಚಾಲಕಿ ನನ್ನ ಹೆಂಡತಿ ಮಕ್ಸೂದಾ. ನಿಮ್ಮ ಆ ಒಂದು ವಾಕ್ಯ ಓದಿದ ಮೇಲೆ ಅವಳು ಕಾರು ಓಡಿಸುವುದನ್ನೇ ಬಿಟ್ಟಿದ್ದಾಳೆ. ನನ್ನ ತಕರಾರು ಇಷ್ಟೇ.

ಇದನ್ನು ಕನ್ನಡದಲ್ಲಿ, ನಮ್ಮ ಕನ್ನಡ ಕೂಟದ ಪತ್ರಿಕೆಗೆ ಬರೆಯುತ್ತಿದ್ದೇನೆ. ನಿಮಗೆ ಕನ್ನಡ ಓದಲು ಬರುವುದಿಲ್ಲವೆಂದು ಗೊತ್ತು. ಆದರೆ ಇಂಗ್ಲಿಷಿನಲ್ಲಿ ಬರೆದ ಪತ್ರಗಳನ್ನು ನೀವು ಓದಿದ್ದೀರಿ ಎನ್ನುವುದಕ್ಕೂ ಪುರಾವೆಯಿಲ್ಲ. ಪ್ರತಿ ಸಲವೂ ನಿಮ್ಮ ಕಂಪ್ಯೂಟರೇ ಧನ್ಯವಾದ ಹೇಳಿ ಕಳಿಸಿತು. ಹಾಗಾಗಿ ಕನ್ನಡದಲ್ಲಿ ಬರೆದು ನಾನು ಕಳೆದುಕೊಳ್ಳುವುದು ಏನೂ ಇಲ್ಲ.

ನಾವಿರುವುದು ಜಾರ್ಜಿಯಾ ರಾಜ್ಯದ ಕಮ್ಮಿಂಗ್‌ನಲ್ಲಿ. ಹೊಸ ಮನೆಗಳು, ಒಳ್ಳೆಯ ಶಾಲೆಗಳು ಎಲ್ಲ ಉಂಟು, ನಡೆದು ಹೋಗಲು ಮಾತ್ರ ಎಲ್ಲಿಗೂ ದಾರಿಯಿಲ್ಲ. ಹಾಲು ಮುಗಿದರೂ ಕಾರು ಬೇಕು, ಜುಮ್ಮಾ ನಮಾಜಿಗೂ ಕಾರು ಬೇಕು. ಮೈಸೂರಿನಲ್ಲಿ ದೇವರಾಜ ಮಾರ್ಕೆಟ್ಟಿಗೆ ಒಬ್ಬಳೇ ಹೋಗಿ ಚೌಕಾಸಿ ಮಾಡಿ ಬರುತ್ತಿದ್ದ ಹೆಂಗಸು, ಇಲ್ಲಿ ವರ್ಷಗಟ್ಟಲೆ, “ರೀ, ಈ ಶನಿವಾರ ಫ್ರೀ ಇದ್ದೀರಾ? ಸ್ವಲ್ಪ ಡ್ರಾಪ್ ಮಾಡ್ತೀರಾ?” ಎಂದು ಕೇಳಿಕೊಂಡು ಕೂತಳು. ಕೋವಿಡ್ ಮುಗಿದ ಮೇಲೆ ಹಠ ಹಿಡಿದು ಡ್ರೈವಿಂಗ್ ಕಲಿತಳು. ರಕ್ತ ತೆಗೆಯುವ ತರಬೇತಿ ಪಡೆದು ಪಕ್ಕದ ಊರು ಆಲ್ಫರೆಟ್ಟಾದ ಒಂದು ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದಳು. ಅವಳಿಗೆಂದೇ ಒಂದು ಹಳೇ ಕಾರು ಕೊಂಡೆವು. ಮೊದಲ ದಿನ ಅದರಲ್ಲಿ ಒಬ್ಬಳೇ ಕೆಲಸಕ್ಕೆ ಹೊರಟಾಗ ಅವಳ ಮುಖವನ್ನು ನೀವು ನೋಡಬೇಕಿತ್ತು.

ಮಾರಿದವನು ಬಹಳ ಸಭ್ಯ. ಟೆಸ್ಟ್ ಡ್ರೈವ್ ಎಂದು ಅಂಗಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿಸಿ, ಕಾರನ್ನು ಇದ್ದ ಸ್ಥಿತಿಯಲ್ಲೇ ಕೊಂಡಿದ್ದೇವೆ, ಆಮೇಲೆ ಕೆಟ್ಟರೆ ಅಂಗಡಿಯವರ ಹೊಣೆಯಲ್ಲ ಎಂಬ ಕಾಗದಕ್ಕೆ ಸಹಿ ಹಾಕಿಸಿಕೊಂಡ. ಆಟೋಮ್ಯಾಟಿಕ್ ಗೇರ್‌ಬಾಕ್ಸ್ ತಣ್ಣಗಿರುವಷ್ಟು ಹೊತ್ತು ಆ ಕಾರಿನಷ್ಟು ಸಾಧು ಪ್ರಾಣಿ ಇನ್ನೊಂದಿಲ್ಲ. ಅರ್ಧ ಗಂಟೆ ಓಡಿ ಬಿಸಿಯಾಯಿತೋ, ಗೇರ್ ಸ್ಲಿಪ್ ಆಗುತ್ತದೆ. ಆಮೇಲೆ ಆಕ್ಸಿಲರೇಟರ್ ಒತ್ತಿದಷ್ಟೂ ಎಂಜಿನ್ ಕಿರುಚುತ್ತದೆ, ಗಾಡಿ ಮಾತ್ರ ಮುಂದೆ ಹೋಗುವುದಿಲ್ಲ. ಇದು ನಮಗೆ ಗೊತ್ತಾದದ್ದು ಹೈವೇಯ ನಟ್ಟ ನಡುವೆ. ಓಡಿಸುತ್ತಿದ್ದವಳು ಮಕ್ಸೂದಾ, ಪಕ್ಕದಲ್ಲಿ ಮಗಳು ಮರಿಯಮ್, ಬೆನ್ನ ಹಿಂದೆ ಟ್ರಕ್ಕು. ಉಳಿದಿದ್ದ ವೇಗದಲ್ಲೇ ಲೇನ್ ದಾಟಿಸುತ್ತ ಬಂದು ರಸ್ತೆಯಂಚಿಗೆ ನಿಲ್ಲಿಸಿದಳು. ನಾನಾಗಿದ್ದರೆ ಕೈಕಾಲೇ ಆಡುತ್ತಿರಲಿಲ್ಲ. ಮಗಳಿಗೆ ಒಂದು ಗೀರೂ ಆಗದಂತೆ ಉಳಿಸಿಕೊಂಡು ಬಂದವಳು ನಿಮ್ಮ ಕಡತದಲ್ಲಿ ತಪ್ಪಿತಸ್ಥೆ.

ಅದು ಹೇಗಾಯಿತು ಎಂದು ಕೇಳಿ. ನಮ್ಮ ಮೆಕ್ಯಾನಿಕ್ ಕಾರನ್ನು ಬಿಸಿಯಾಗುವವರೆಗೆ ಓಡಿಸಿ, ಗೇರ್‌ಬಾಕ್ಸ್ ಹೋಗಿದೆ ಎಂದು ಬರೆದುಕೊಟ್ಟಿದ್ದ. ಅದನ್ನು ನೀವು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ನಿಮ್ಮ ಇನ್‌ಸ್ಪೆಕ್ಟರ್ ಬೆಳಿಗ್ಗೆ ಬಂದರು, ತಣ್ಣಗೆ ನಿಂತಿದ್ದ ಕಾರನ್ನು ನಮ್ಮ ಬೀದಿಯ ತುದಿಯವರೆಗೆ ಓಡಿಸಿ ಚೆನ್ನಾಗಿದೆ ಎಂದರು. ಹೈವೇಗೆ ಹೋಗಿ ಸ್ವಲ್ಪ ಹೊತ್ತು ಓಡಿಸಿ ನೋಡಿ ಸರ್ ಎಂದೆ. ಅದು ಸುರಕ್ಷಿತವಲ್ಲ ಎಂದರು. ಇನ್‌ಸ್ಪೆಕ್ಟರ್ ಹೈವೇಗೆ ಒಯ್ಯಲು ಹೆದರುವ ಕಾರಿನಲ್ಲಿ ದೋಷವಿಲ್ಲ ಎಂಬ ತೀರ್ಮಾನಕ್ಕೆ ಬರಲು ಯಾವ ವಿಶ್ವವಿದ್ಯಾಲಯದಲ್ಲಿ ಕಲಿಸುತ್ತಾರೋ ನನಗೆ ತಿಳಿಯದು.

ಅಷ್ಟರಲ್ಲಿ ಮಕ್ಸೂದಾ ಚಹಾ ತಂದಳು. “ಸಾರಿ ಸರ್, ನಿಮಗೆ ತುಂಬಾ ತೊಂದ್ರೆ ಕೊಟ್ವಿ. ನಾನೇ ಏನೋ ತಪ್ಪು ಮಾಡಿರ್ಬೇಕು” ಎಂದು ಇಂಗ್ಲಿಷಿನಲ್ಲಿ ಅಂದಳು. ಅವರು ಚಹಾ ಕುಡಿಯಲಿಲ್ಲ, ಆ ಮಾತನ್ನು ಮಾತ್ರ ಬರೆದುಕೊಂಡರು. ಸ್ವಾಮಿ, ಮನೆಗೆ ಬಂದವರ ಮುಂದೆ ನಾವು ಮಾತಾಡುವುದೇ ಹಾಗೆ. ದಿನವಿಡೀ ಒಲೆ ಮುಂದೆ ನಿಂತು ಬಿರಿಯಾನಿ ಮಾಡಿ ಬಡಿಸುತ್ತ, “ಇವತ್ತು ಅಷ್ಟೇನೂ ಚೆನ್ನಾಗಿ ಬಂದಿಲ್ಲ, ಬೇಜಾರ್ ಮಾಡ್ಕೋಬೇಡಿ” ಅನ್ನುತ್ತೇವೆ. ನಮ್ಮ ಕಾಲನ್ನು ಇನ್ನೊಬ್ಬರು ತುಳಿದರೂ ಸಾರಿ ಹೇಳುವವರು ನಾವೇ. ನಿಮ್ಮ ಇನ್‌ಸ್ಪೆಕ್ಟರ್ ಊಟಕ್ಕೆ ಕೂತಿದ್ದರೆ, ಬಿರಿಯಾನಿ ಕೆಟ್ಟಿತ್ತು, ಮಾಡಿದವರೇ ಒಪ್ಪಿಕೊಂಡಿದ್ದಾರೆ ಎಂದೂ ಬರೆಯುತ್ತಿದ್ದರೇನೋ. ಮರ್ಯಾದೆಯ ಮಾತಿಗೂ ತಪ್ಪೊಪ್ಪಿಗೆಗೂ ವ್ಯತ್ಯಾಸ ತಿಳಿಯದವರ ಕೈಗೆ ನೀವು ಪೆನ್ನು ಕೊಟ್ಟು ಕಳಿಸಿದ್ದೀರಿ.

ಈಗ ಅವಳೇ ಅದನ್ನು ನಂಬಿದ್ದಾಳೆ. ನನ್ನ ಕಾರು ಚೆನ್ನಾಗಿದೆ, ಅದನ್ನಾದರೂ ತೆಗೆದುಕೊಂಡು ಹೋಗು ಎಂದರೆ, “ಬೇಡ ರೀ. ಗಾಡೀದಲ್ಲ, ನನ್ನದೇ ತಪ್ಪು. ಮಗಳ ಜೀವ ಹೋಗ್ತಿತ್ತು” ಎನ್ನುತ್ತಾಳೆ. “ಅಮ್ಮಿ, ಇಟ್ಸ್ ನಾಟ್ ಯುವರ್ ಫಾಲ್ಟ್. ನಾನ್ ಕಾರಲ್ಲಿ ಇದ್ದೆ, ಐ ಸಾ ಇಟ್” ಎಂದು ಮರಿಯಮ್ ಎಷ್ಟು ಸಲ ಹೇಳಿದಳೋ. ಪುಟ್ಟ ಮಕ್ಕಳನ್ನೂ ಅಳಿಸದೆ ರಕ್ತ ತೆಗೆಯುತ್ತಾಳೆಂದು ಲ್ಯಾಬಿನಲ್ಲಿ ಹೆಸರಾಗಿದ್ದವಳು ಕಳೆದ ತಿಂಗಳು ಕೆಲಸ ಬಿಟ್ಟಳು. ಈಗ ಎಲ್ಲಿಗಾದರೂ ಕರೆದುಕೊಂಡು ಹೋಗಲೇ ಎಂದು ನಾನಾಗಿ ಕೇಳಿದರೂ ಬೇಡ ಎನ್ನುತ್ತಾಳೆ.

ಕಾರಿನ ದುಡ್ಡು ಕೊಡಿಸಿ ಎಂದು ನಾನು ಕೇಳುತ್ತಿಲ್ಲ. ಮಾರಿದವನಿಗೆ ಶಿಕ್ಷೆಯಾಗಲಿ ಎಂದೂ ಕೇಳುತ್ತಿಲ್ಲ. ಅವನು ಅದೇ ನಗುಮುಖದಿಂದ ಇನ್ನೊಬ್ಬರನ್ನು ಅಂಗಡಿಯ ಸುತ್ತ ತಿರುಗಿಸುತ್ತಿರುತ್ತಾನೆ, ನೀವು ನೋಡುತ್ತಿರುತ್ತೀರಿ. ನನ್ನ ಬೇಡಿಕೆ ಒಂದೇ: ಆ ವಾಕ್ಯವನ್ನು ಹೊಡೆದುಹಾಕಿ. ಹೊಡೆದುಹಾಕಿದ್ದೇವೆ, ತಪ್ಪು ನಿಮ್ಮದಲ್ಲ ಎಂದು ನಿಮ್ಮ ಮುದ್ರೆಯೊತ್ತಿ ಮಕ್ಸೂದಾಳ ಹೆಸರಿಗೆ ಒಂದು ಕಾಗದ ಕಳಿಸಿ. ಕಳಿಸುತ್ತೀರೆಂದು ನಾನು ನಂಬಿಲ್ಲ. ಕೇಳದೆ ಇರಲಿಕ್ಕೂ ಆಗುತ್ತಿಲ್ಲ.

ಗಂಡ ಹೇಳಿದರೆ ಸಾಲದೇ, ಇವರ ಮುದ್ರೆ ಯಾಕೆ ಬೇಕು ಎಂದು ಓದುಗರು ಕೇಳಬಹುದು. ಅಚ್ಚಿಗೆ ಕಳಿಸುವ ಮುನ್ನ ಇಲ್ಲಿಯವರೆಗಿನದನ್ನು ಅವಳ ಕೈಗೇ ಕೊಟ್ಟೆ. ಪೂರ್ತಿ ಓದಿದಳು. ಬಿರಿಯಾನಿಯ ಮಾತಿಗೆ ಸ್ವಲ್ಪ ನಕ್ಕಳು ಕೂಡ. ಆಮೇಲೆ ಕಾಗದ ವಾಪಸು ಕೊಡುತ್ತ ಹೇಳಿದಳು: “ಚೆನ್ನಾಗಿ ಬರ್ದಿದ್ದೀರಿ ರೀ. ಆದ್ರೆ ನೀವು ನನ್ನ ಗಂಡ, ಹೀಗೇ ಬರೀತೀರಿ. ಅವರು ಆಫೀಸಿನವರು, ಸುಮ್ಸುಮ್ನೆ ಬರೀತಾರಾ?”

ಇಂತಿ,
ಮುದ್ರೆಯಿಲ್ಲದ ಕಾರಣ ಹೆಂಡತಿಯೂ ನಂಬದ,
ಜಾಫರ್
ಕಮ್ಮಿಂಗ್, ಜಾರ್ಜಿಯಾ