ಅಗೆದ ಗಾಡಿದಾರಿಯನ್ನು ಮುಚ್ಚಿಕೊಡಿರಿ

ರಸ್ತೆ ಕಮಿಟಿಯ ಅಧ್ಯಕ್ಷರೇ,

ನಿಮ್ಮ ರಸ್ತೆ ನಮಗೆ ಬೇಡ. ಅದರ ಹೆಸರಿನಲ್ಲಿ ನೀವು ಅಗೆಸಿ ಹಾಳುಗೆಡವಿದ ನಮ್ಮ ಹಳೆಯ ಗಾಡಿದಾರಿಯನ್ನು ಮುಚ್ಚಿಸಿ, ಮೊದಲಿದ್ದಂತೆ ಮಾಡಿಕೊಡಿರಿ. ಬೈಲಹೊಂಗಲದಿಂದ ಸವದತ್ತಿಯ ಮೇಲೆ ಹಾಯ್ದು ಉಗರಗೋಳದವರೆಗೆ ಖಡಿರಸ್ತೆಯಾಗುತ್ತದೆ, ಬಾಡಿಗೆ ಟಾಂಗಾಗಳು ದಿನಾಲು ಓಡಾಡುತ್ತವೆ ಎಂದು ನೀವು ನಮ್ಮೂರ ಚಾವಡಿಯಲ್ಲಿ ಹೇಳಿದಾಗ ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬ. ಆ ಮಾತನ್ನು ನಂಬಿಯೇ ಮಗಳು ಇಂದ್ರವ್ವನನ್ನು ಬೈಲಹೊಂಗಲದ ಹತ್ತಿರದ ಹಳ್ಳಿಗೆ ಕೊಟ್ಟೆ. ಹೆಣ್ಣು ಕೊಡುವವರು ಮನೆತನ ನೋಡುತ್ತಾರೆ, ವರನನ್ನು ನೋಡುತ್ತಾರೆ. ಹುಚ್ಚನಾದ ನಾನು ಕಮಿಟಿಯ ಠರಾವು ನೋಡಿದೆ.

ದಾರಿಯನ್ನು ಉದ್ದಕ್ಕೂ ಅಗೆಸಿದಿರಿ. ಖಡಿ ಬೀಳುವ ಮೊದಲೇ ನಿಮ್ಮಲ್ಲಿ ಎರಡು ಪಾರ್ಟಿಗಳಾದವು. ಒಬ್ಬ ಮೆಂಬರರಿಗೆ ರಸ್ತೆ ತಮ್ಮ ಹತ್ತಿ ಜಿನ್ನಿನ ಗಿರಣಿಯ ಮುಂದೆ ಹಾಯಬೇಕು; ಇನ್ನೊಬ್ಬರಿಗೆ ಅಳಿಯನ ಅಡತಿ ಅಂಗಡಿಯ ಮುಂದೆ. ಗೂಟ ನೆಡುವುದು, ಕೀಳುವುದು, ಬೇರೆ ಕಡೆ ನೆಡುವುದು. ಪ್ರತಿ ಸಲವೂ "ಸಾರ್ವಜನಿಕರ ಹಿತಾರ್ಥ" ಎಂದು ಬರೆಯುತ್ತೀರಲ್ಲ, ಆ ಸಾರ್ವಜನಿಕರು ಯಾವ ಊರಿನವರು? ಒಮ್ಮೆ ತೋರಿಸಿರಿ, ಕೈಮುಗಿದು ಬರುತ್ತೇನೆ. ಓವರಸಿಯರ್ ಸಾಹೇಬರನ್ನು ಕೇಳಿದರೆ, "ನನ್ನ ಕೈಯಾಗ ಏನೈತ್ರಿ? ಅಗಸು ಅಂದ್ರ ಅಗಸ್ತೇನಿ, ಬಿಡು ಅಂದ್ರ ಬಿಡ್ತೇನಿ" ಎಂದರು. ಮುಚ್ಚು ಎನ್ನುವವರು ಮಾತ್ರ ನಿಮ್ಮಲ್ಲಿ ಒಬ್ಬರೂ ಇಲ್ಲ. ಇದ್ದದ್ದೂ ಹೋಯಿತು ಮದ್ದಿನ ಗುಣದಿಂದ!

ಇಂದ್ರವ್ವ ಈಗ ದಿನ ತುಂಬುತ್ತಿರುವ ಬಸುರಿ. ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕು. ಮೇಲಾಗಿ ಆಕೆಗೆ ಅತ್ತೆಯಿಲ್ಲ, ನಾದಿನಿಯಿಲ್ಲ. ಆ ಮನೆಯಲ್ಲಿ ಬೇರೆ ಹೆಣ್ಣು ದಿಕ್ಕೇ ಇಲ್ಲ. ಯುಗಾದಿ ಮುಗಿದ ಮೇಲೆ ಕರೆತರಲೆಂದು ನಾನೂ ನನ್ನ ಹೆಂಡತಿ ರಾಯವ್ವನೂ ಗಾಡಿ ಹೂಡಿಕೊಂಡು ಹೊರಟೆವು. ಆ ಹಳ್ಳಿ ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿ, ನೀವು ತೋಡಿಸಿ ಬಿಟ್ಟ ತಗ್ಗಿನಲ್ಲಿ ಗಾಡಿ ಮಗುಚಿತು. ರಾಯವ್ವನ ಕಾಲು ಮುರಿಯಿತು. ಬೀಗರಾದ ಬಸವಣ್ಣೆಪ್ಪನವರು ಓಡಿಬಂದು ಆಕೆಯನ್ನು ಎತ್ತಿದರು.

"ತಪ್ಪ ತಿಳೀಬ್ಯಾಡ್ರಿ ಬೀಗರ. ಇಂಥಾ ತಗ್ಗಿನ್ಯಾಗ ಬಸುರಿ ಹೆಣಮಗಳನ್ನ ಹೆಂಗ ಕಳಸ್ಲಿ? ಹಾದಿ ನೆಟ್ಟಗಾಗ್ಲಿ, ನಾನ ಕರಕೊಂಡ ಬರ್ತೇನಿ" ಎಂದರು. ಅವರ ಮಾತಿನಲ್ಲಿ ಏನು ತಪ್ಪಿದೆ? ಅಂದಿನಿಂದ ರಾಯವ್ವ ಮಲಗಿದಲ್ಲೇ ಗೋಳಾಡುತ್ತಾಳೆ: "ನನ್ನ ಕಾಲು ಹಾಳಾಗಿ ಹೋಗ್ಲಿ. ನನ್ನ ಮಗಳನ್ನ ಹೆಂಗರ ಮಾಡಿ ತಂದ ಮುಟ್ಟಸ್ರಿ. ಅಕಿ ಬ್ಯಾನಿ ತಿನ್ನೂಮುಂದ ಕೈ ಹಿಡಿಯಾಕ ಯಾರ ಅದಾರ ಅಲ್ಲೆ?" ಇದಕ್ಕೆ ಉತ್ತರ ನಿಮ್ಮಲ್ಲಿದ್ದರೆ ಹೇಳಿಕಳಿಸಿರಿ.

ಹೋದ ತಿಂಗಳು ಎರಡೂ ಪಾರ್ಟಿಗಳ ಜಗಳವನ್ನು ಬಗೆಹರಿಸಿದಿರಂತೆ. ಹೇಗೆ? ರಸ್ತೆಯನ್ನು ನಿಮ್ಮ ಮಾವಿನ ತೋಟದ ಬಂಗಲೆಯ ಕಡೆಗೇ ತಿರುಗಿಸಿ! ಥೂ! ಹೇಸಿಗೆಗೂ ಒಂದು ಮೇರೆ ಬೇಡವೇ? ಬೈಲಹೊಂಗಲದಿಂದ ನಿಮ್ಮ ಗೇಟಿನವರೆಗೆ ಎಂದೂ ಇಲ್ಲದ ಲಗುಬಗೆಯಲ್ಲಿ ಖಡಿ ಬಿತ್ತು, ನೀರು ಹೊಡೆದಾಯಿತು, ಕಲ್ಲುರುಳೆಯೂ ಹಾಯಿತು. ಅಲ್ಲಿಂದ ಮುಂದಿನದು ವಿಚಾರದಲ್ಲಿದೆಯಂತೆ. ಆ ವಿಚಾರ ನಿಮಗೇ ಇರಲಿ.

ಮಿರಗದ ಮಳೆ ಬೀಳುವ ಮೊದಲು ಹಳೆಯ ದಾರಿಯ ತಗ್ಗುಗಳನ್ನು ಮುಚ್ಚಿಸಿರಿ. ಒಮ್ಮೆ ಮಳೆ ಹಿಡಿದರೆ ಆ ಎರೆಮಣ್ಣಿನಲ್ಲಿ ಗಾಡಿಯ ಅಚ್ಚೇ ಹೂತುಹೋಗುತ್ತದೆ. ಮುಚ್ಚಿಸದಿದ್ದರೆ, ಕಂಬಳಿಯ ಜೋಲಿ ಕಟ್ಟಿ ಮಗಳನ್ನು ಹೆಗಲ ಮೇಲೆ ಹೊತ್ತು ತರುತ್ತೇವೆ. ಹೊತ್ತವರ ಕಾಲು ಜಾರದಂಥ ರಸ್ತೆ ಈ ಸೀಮೆಯಲ್ಲಿ ಒಂದೇ ಇದೆ, ಅದು ನಿಮ್ಮ ಗೇಟಿನಲ್ಲಿ ಮುಗಿಯುತ್ತದೆ. ಅಲ್ಲಿಂದ ಮುಂದೆ ನಾವು ಒಯ್ಯಲಾರೆವು. ನಿಮ್ಮ ಪಡಸಾಲೆಯಲ್ಲೇ ಇಳಿಸುತ್ತೇವೆ. ಬಿಸಿನೀರು ಕಾಯಿಸಿ, ಹಳೆಯ ಸೀರೆಗಳನ್ನು ಒಗೆದಿಡಲು ಮನೆಯ ಹೆಣ್ಣುಮಕ್ಕಳಿಗೆ ಈಗಲೇ ಹೇಳಿಡಿರಿ.

ಇಂತಿ,
ಅಜ್ಜನಾಗುವ ಆಸೆಯನ್ನು ಇನ್ನೂ ಬಿಡದ
ನೀಲಪ್ಪ, ಅರಿಷಿಣ-ಭಂಡಾರದ ಅಂಗಡಿ, ಉಗರಗೋಳ
ಕೀಲಕ ಸಂವತ್ಸರದ ವೈಶಾಖ