ತಲೆಕೆಳಗಾಗಿದ್ದ ಪುಸ್ತಕ

ನನ್ನ ತರಬೇತಿಗೆ ಹಣ ಕೊಟ್ಟ ಯಜಮಾನರಿಗೆ ಮೂರನೇ ತರಗತಿ ಟೀಚರ್ ಮಾಡುವ ನಮಸ್ಕಾರ.

ಹೋದ ವರ್ಷ ನಮ್ಮ ಮಕ್ಕಳು ಗಡಗಡನೆ ಪಾಠ ಓದಿದಾಗ ನೀವು ಚಪ್ಪಾಳೆ ತಟ್ಟಿದಿರಿ. ಮುಂದಿನ ಬೆಂಚಿನ ಹುಡುಗಿ ಪುಸ್ತಕವನ್ನು ತಲೆಕೆಳಗಾಗಿ ಹಿಡಿದಿದ್ದಳು. ನೀವು ನೋಡುವ ಮೊದಲೇ ಅದನ್ನು ತಿರುಗಿಸಿಟ್ಟವಳು ನಾನೇ. ಎಲ್ಲವೂ ಬಾಯಿಪಾಠ. ನನಗೆ ಕಲಿಸಲು ಬರುತ್ತಿದ್ದದ್ದೂ ಅಷ್ಟೇ.

ನಿಮ್ಮ ಹತ್ತು ದಿನದ ತರಬೇತಿ ನನ್ನ ಕಣ್ಣು ತೆರೆಸಿತು. ನಿನ್ನೆ ಬಾಗಿಲಿಗೆ ಅಂಟಿಸಿದ್ದ ಚೀಟಿಯನ್ನು ಅದೇ ಹುಡುಗಿ ಓದಿ, "ಟೀಚರ್, ಮುಟ್ಬೇಡಿ! ಬಣ್ಣ ಇನ್ನೂ ಒಣಗಿಲ್ವಂತೆ!" ಎಂದು ಕೂಗಿದಳು. ಅಷ್ಟರಲ್ಲಿ ನನ್ನ ಅಂಗೈ ಹಸಿರಾಗಿತ್ತು.

ನಮ್ಮ ಶಾಲೆಯ ಉಳಿದ ನಾಲ್ವರು ಟೀಚರುಗಳ ತರಬೇತಿಗೂ ದಯವಿಟ್ಟು ಹಣ ಕೊಡಿ. ಹೆಡ್‌ಮಾಸ್ಟರಿಗೂ ಕಲಿಯುವ ಆಸೆಯಿದೆ, ಬಾಯಿಬಿಟ್ಟು ಕೇಳಲು ಸಂಕೋಚ.

ಅನುಮಾನವಿದ್ದರೆ ನೀವೇ ಬಂದು ನೋಡಿ. ಪುಸ್ತಕವನ್ನು ನಿಮ್ಮ ಮನೆಯಿಂದಲೇ ತನ್ನಿ. ನಾನು ಬಾಗಿಲಾಚೆ ನಿಂತಿರುತ್ತೇನೆ.

ಇಂತಿ,
ಹಸಿರು ಅಂಗೈಯ ಟೀಚರ್